ಗೌಡರ ಫೋನಿನಲ್ಲಿ ನಾನು ಕಳ್ಳಿ

ಇದು ಹೋದ ವರ್ಷ, ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದ ಹೊತ್ತಿನಲ್ಲಿ ನಡೆದದ್ದು. ನಾನು ಓದಿದ್ದು ಎರಡನೇ ಕ್ಲಾಸಿನ ತನಕ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಬರೆಯುವುದು ಅದಕ್ಕಿಂತ ನಿಧಾನ. ಇಷ್ಟು ಬರೆಯಲು ಒಂಬತ್ತು ದಿನ ಹಿಡಿಯಿತು. ಪಕ್ಕದ ಮನೆಯ ರೇಣುಕಾ ಕಾಗುಣಿತ ತಿದ್ದಿಕೊಟ್ಟಿದ್ದಾಳೆ. ನನ್ನ ಮಾತನ್ನೂ ಸ್ವಲ್ಪ ಮೆತ್ತಗೆ ಮಾಡುತ್ತೇನೆ ಅಂದಳು. ಬೇಡ ಅಂದೆ.

ನಮ್ಮೂರು ಜಗಳೂರಿನಿಂದ ಬಸ್ಸಿಗೆ ಅರ್ಧ ಗಂಟೆ. ನಾವು ಕುರಿಯವರು. ಮೆಕ್ಕೆಜೋಳ ಮುರಿದಾದ ಮೇಲೆ ನಮ್ಮ ಕಡೆ ಕುರಿಗೆ ಬಾಯಿಗೆ ಹಾಕಲು ಏನೂ ಉಳಿಯುವುದಿಲ್ಲ. ಆಗ ನನ್ನ ಮಗ ಅಂಜಿನಪ್ಪ, ಅವನ ಹೆಂಡತಿ, ಇಬ್ಬರು ದಾಯಾದಿಗಳು ಕೂಡಿ ಹಿಂಡು ಹೊಡೆದುಕೊಂಡು ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಹೋಗುತ್ತಾರೆ. ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸುತ್ತಾರೆ. ಗದ್ದೆಯವರಿಗೆ ಗೊಬ್ಬರ, ನಮಗೆ ಮೇವು. ನಮ್ಮತ್ತೆಯ ಕಾಲದಿಂದ ಹೀಗೇ ನಡೆದಿದೆ. ನಾನೂ ಮೂವತ್ತು ವರ್ಷ ಹಿಂಡಿನ ಹಿಂದೆ ನಡೆದವಳು. ಈಗ ಮಂಡಿ ಕೇಳುವುದಿಲ್ಲ. ಊರಲ್ಲೇ ಕೂತು ಯಾವ ಗದ್ದೆಗೆ ಯಾವಾಗ ಅನ್ನುವುದನ್ನು ಫೋನಿನಲ್ಲಿ ಗೊತ್ತು ಮಾಡುತ್ತೇನೆ.

ಅದಕ್ಕೆ ನನ್ನ ಗಂಡ ಬಿಟ್ಟುಹೋದ ಒಂದು ನೋಟ್‌ಬುಕ್ ಇದೆ. ಅದರಲ್ಲಿ ನಲವತ್ತು ಚಿಲ್ಲರೆ ನಂಬರುಗಳಿವೆ. ಅವನಿಗೆ ನನ್ನಷ್ಟೂ ಅಕ್ಷರ ಬರುತ್ತಿರಲಿಲ್ಲ. ಅದಕ್ಕೆ ಪ್ರತಿ ನಂಬರಿನ ಮುಂದೆ ಒಂದು ಚಿತ್ರ ಬರೆದಿದ್ದ. ತೆಂಗಿನ ಮರ ಇದ್ದರೆ ನ್ಯಾಮತಿಯ ತೋಟದವರು. ಒಂಟಿ ಕೊಂಬಿನ ಎಮ್ಮೆ ಇದ್ದರೆ ಹೊನ್ನಾಳಿಯ ಹೊಳೆದಂಡೆಯವರು. ಮೀನು ಇದ್ದರೆ ಸೂಳೆಕೆರೆ ಪಕ್ಕದ ಹಾಲಪ್ಪಗೌಡರು.

ಹಿಂಡು ಹೊರಡುವ ದಿನ ಬೆಳಗ್ಗೆ ಐದಕ್ಕೆ ನಾನು ಎಲ್ಲ ನಂಬರಿಗೂ ಒಂದೊಂದು ಮಿಸ್ ಕಾಲ್ ಕೊಡುತ್ತೇನೆ. ಒಂದು ರಿಂಗ್ ಬಿಟ್ಟು ಕಟ್. ಹಿಂಡು ಹೊರಟಿತು ಎಂದು ಅದರ ಅರ್ಥ. ಯಾರ ಗದ್ದೆ ಖಾಲಿಯಿದೆಯೋ ಅವರು ತಿರುಗಿ ಮಾಡುತ್ತಾರೆ. ಫೋನಿನ ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ನನ್ನ ಗಂಡ ಹಚ್ಚಿದ ಪದ್ಧತಿ ಇದು. ಅವನು ಹೋದ ಮೇಲೆ ನಾಲ್ಕು ವರ್ಷದಿಂದ ನಾನು ನಡೆಸಿಕೊಂಡು ಬಂದಿದ್ದೆ. ಗೌಡರಂತೂ ಯಾವ ವರ್ಷವೂ ಸಂಜೆಯೊಳಗೆ ಮಾಡದೆ ಇದ್ದದ್ದಿಲ್ಲ.

ಹೋದ ವರ್ಷ ಮಿಸ್ ಕಾಲ್ ಕೊಟ್ಟೆ. ಒಬ್ಬರೂ ತಿರುಗಿ ಮಾಡಲಿಲ್ಲ. ಮಾರನೇ ದಿನ ಮತ್ತೆ ಕೊಟ್ಟೆ. ಇಲ್ಲ. ಮೂರನೇ ದಿನ ಗೌಡರಿಗೆ ಪೂರ್ತಿ ರಿಂಗ್ ಆಗುವ ಹಾಗೆ ಮಾಡಿದೆ. ಎರಡು ರಿಂಗ್ ಆದ ಕೂಡಲೇ ಆ ಕಡೆಯಿಂದ ಕಟ್ ಆಯಿತು. ಮತ್ತೆ ಮಾಡಿದೆ. ಮತ್ತೆ ಕಟ್.

ನನಗೆ ಸಿಟ್ಟು ಬಂತು. ಅದರ ಹಿಂದಿನ ವರ್ಷ ನಮ್ಮ ನಾಲ್ಕು ಕುರಿ ಗೌಡರ ಬಾಳೆ ಸಸಿಗೆ ಬಾಯಿ ಹಾಕಿದ್ದವು. ಆಗ ಅವರು ನಕ್ಕು ಬಿಟ್ಟಿದ್ದರು. ಮನಸ್ಸಿನಲ್ಲಿ ಇಟ್ಟುಕೊಂಡು ಈಗ ತೀರಿಸುತ್ತಿದ್ದಾರೆ ಅಂದುಕೊಂಡೆ. ಸಂಜೆ ಅಂಜಿನಪ್ಪ ಹೊನ್ನಾಳಿ ದಾರಿಯಿಂದ ಫೋನ್ ಮಾಡಿದ.

"ಅವ್ವ, ಗೌಡ್ರು ಏನಂದ್ರು?"

"ಏನೂ ಅನ್ಲಿಲ್ಲ. ನನ್ನ ಫೋನ್ ಕಟ್ ಮಾಡ್ತಾರೆ."

"ನಾನೊಂದು ಮಾತು ಕೇಳ್ಲೇನು?"

"ಏನೂ ಬೇಡ. ನಾಲ್ಕು ಬಾಳೆ ಸಸಿಗೆ ಮಾತು ಬಿಟ್ಟೋರ ಮನೆ ಬಾಗ್ಲಿಗೆ ನಾವು ಹೋಗೋದು ಬೇಡ. ಬೇರೆ ಕಡೆ ನೋಡ್ತೀನಿ ತಡಿ."

ಈ ಮಾತು ಆಡಬಾರದಿತ್ತು. ಆಡಿದೆ.

ಬೇರೆ ಕಡೆ ನೋಡಿದೆ. ತೆಂಗಿನ ಮರ ಕಟ್ ಮಾಡಿತು. ಒಂಟಿ ಕೊಂಬಿನ ಎಮ್ಮೆ ಕಟ್ ಮಾಡಿತು. ಕೆಲವು ನಂಬರು ಅಸ್ತಿತ್ವದಲ್ಲೇ ಇಲ್ಲ ಎಂದು ಹೆಂಗಸಿನ ದನಿ ಹೇಳಿತು. ಒಂದು ಕಡೆ ಯಾರೋ ಎತ್ತಿ, ನಾನು ಬಾಯಿ ತೆರೆಯುವ ಮೊದಲೇ ಕೆಟ್ಟ ಮಾತಿನಲ್ಲಿ ಬೈದು ಇಟ್ಟ. ನನ್ನ ತಾಯಿಯನ್ನು ಎಳೆದು ತಂದು ಬೈದ. ಎಪ್ಪತ್ತರ ಹತ್ತಿರದವಳು ನಾನು. ನನ್ನ ತಾಯಿ ಸತ್ತು ಎಷ್ಟು ಕಾಲವಾಯಿತೋ ಅವನಿಗೇನು ಗೊತ್ತು.

ಅಷ್ಟರಲ್ಲಿ, ಅಂಜಿನಪ್ಪ ದಾರಿಯಲ್ಲಿ ಕೇಳಿಕೊಂಡು ಹಿಂಡು ನಿಲ್ಲಿಸಿದ್ದ ಹೊನ್ನಾಳಿಯ ಗದ್ದೆಯವರು ಮುಂದಿನ ನಾಟಿಗೆ ನೀರು ಹಾಯಿಸುತ್ತೇವೆ, ಜಾಗ ಬಿಡಿ ಅಂದರು. ಬಿಟ್ಟು ಹೊರಟರು. ತೊಂದರೆ ಏನೆಂದರೆ ಅದು ಕುರಿ ಈಯುವ ಕಾಲ. ಪ್ರತಿ ವರ್ಷ ನಮ್ಮ ಕುರಿ ಈಯುವುದು ಗೌಡರ ಗದ್ದೆಯಲ್ಲೇ. ಕೆರೆಯ ಪಕ್ಕ ಬೆಚ್ಚಗಿನ ಜಾಗ, ಸುತ್ತ ಬೇಲಿ, ಹದಿನೈದು ದಿನ ಒಂದೇ ಕಡೆ ನಿಲ್ಲಬಹುದು. ಅಷ್ಟರಲ್ಲಿ ಮರಿಗಳ ಕಾಲು ಗಟ್ಟಿಯಾಗುತ್ತದೆ. ಹುಟ್ಟಿ ಎರಡು ದಿನದ ಮರಿಯನ್ನು ನಡೆಸಿದರೆ ಅದು ಬದುಕುವುದಿಲ್ಲ. ಕತ್ತೆಯ ಮೇಲೆ ಚೀಲದಲ್ಲಿ ಎಷ್ಟು ಮರಿ ಹೊರಿಸಬಹುದು? ಹೆಗಲ ಮೇಲೆ ಎಷ್ಟು ಹೊರಬಹುದು?

ಅಂಜಿನಪ್ಪ ದಿನಾ ಸಂಜೆ ಫೋನ್ ಮಾಡುತ್ತಿದ್ದ. ಊಟ ಆಯಿತಾ ಎಂದು ಕೇಳುವುದನ್ನು ಬಿಟ್ಟಿದ್ದ.

"ಇವತ್ತು ಎರಡು ಹೋದ್ವು ಅವ್ವ."

ಮಾರನೇ ದಿನ, "ಇವತ್ತೊಂದು."

ರೇಣುಕಾ ನಮ್ಮ ಪಕ್ಕದ ಮನೆಯ ಸೊಸೆ, ಬಟ್ಟೆ ಹೊಲಿಯುತ್ತಾಳೆ. ನಾನು ಕಟ್ಟೆಯ ಮೇಲೆ ಕೂತು ಫೋನನ್ನು ಬೈಯುವುದು ಕೇಳಿ ಹೊರಗೆ ಬಂದಳು.

"ಅಜ್ಜಿ, ಯಾರನ್ನ ಅಷ್ಟು ಬೈತೀರಿ?"

"ಹೆಸರಿಲ್ಲ. ಎಲ್ರನ್ನೂ."

ಎಲ್ಲವನ್ನೂ ಕೇಳಿ ಅವಳು, "ನಲವತ್ತು ಜನಾನೂ ಒಂದೇ ಸಲ ನಿಮ್ಮ ಮ್ಯಾಲೆ ಸಿಟ್ಟಾಗಾಕೆ ಬಾಳೆ ಸಸಿ ಎಷ್ಟು ತಿಂದಾವು ಅಜ್ಜಿ?" ಅಂದಳು. ಆಮೇಲೆ ತನ್ನ ದೊಡ್ಡ ಫೋನು ತಂದು, "ಎಲ್ಲಿ, ನಿಮ್ಮ ಫೋನಿಂದ ನನಗೆ ಮಾಡ್ರಿ" ಅಂದಳು. ಮಾಡಿದೆ. ಅವಳ ಫೋನಿನ ಮುಖ ಪೂರ್ತಿ ಕೆಂಪಾಯಿತು. ನನ್ನ ಹೆಸರು ಇರಬೇಕಾದ ಕಡೆ ಇಂಗ್ಲಿಷಿನಲ್ಲಿ ಏನೋ ಬಂದಿತ್ತು. ಅವಳು ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಓದೇ."

"ಬ್ಯಾಡ ಬಿಡ್ರಿ ಅಜ್ಜಿ."

"ಓದಂದೆ."

"ಲೋನ್ ಫ್ರಾಡ್ ಅಂತ ಐತೆ. ಸಾಲ ಕೊಡ್ತೀನಿ ಅಂತ ಮೋಸ ಮಾಡೋರು. ಇಪ್ಪತ್ತು ಜನ ಹಂಗಂತ ಹೇಳ್ಯಾರಂತೆ."

ಸಾಲ ಕೊಡುವವಳು ನಾನು. ನಮ್ಮ ಮನೆಯ ಸೂರು ನೋಡಿದವರು ಯಾರಾದರೂ ಈ ಮಾತು ಹೇಳುತ್ತಾರೆಯೇ? ಅವಳ ಫೋನಿನಲ್ಲಿ ಕರೆ ಮಾಡಿದವರ ಹೆಸರು ತೋರಿಸುವ ಒಂದು ಆ್ಯಪ್ ಇದೆಯಂತೆ. ಈಗ ಎಲ್ಲರ ಫೋನಿನಲ್ಲೂ ಅಂಥದ್ದು ಇರುತ್ತದಂತೆ. ರೇಣುಕಾ ನನ್ನ ನಂಬರು ತನ್ನ ಫೋನಿಗೆ ಅದುವರೆಗೆ ಹಾಕಿಕೊಂಡಿರಲಿಲ್ಲ. ಗೋಡೆಯಾಚೆ ಇರುವವಳಿಗೆ ಯಾರು ಫೋನ್ ಮಾಡುತ್ತಾರೆ?

ಅವಳ ಫೋನಿನಿಂದ ಗೌಡರಿಗೆ ಮಾಡಿದೆವು. ಮೂರು ಸಲ. ಪೂರ್ತಿ ಹೊಡೆದು ನಿಂತಿತು. ಹೆಸರು ಗೊತ್ತಿಲ್ಲದ ನಂಬರನ್ನು ಗೌಡರು ಎತ್ತುವುದನ್ನೇ ಬಿಟ್ಟಿದ್ದಾರೆ ಎಂದು ನನಗೆ ಆಮೇಲೆ ತಿಳಿಯಿತು. ಈಯುವ ಹಿಂಡು ಬಿಟ್ಟು ಅಂಜಿನಪ್ಪ ಅಷ್ಟು ದೂರ ಹೋಗುವ ಹಾಗೂ ಇರಲಿಲ್ಲ.

ಮಾರನೇ ದಿನ ಜಗಳೂರಿಗೆ ಹೋದೆ. ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ಅಂಗಡಿಗಳ ಸಾಲೇ ಇದೆ. ಒಂದು ಅಂಗಡಿಯವನು ನನ್ನ ಮಾತು ಅರ್ಧ ಕೇಳಿದ. ಇನ್ನರ್ಧ ಅವನೇ ಹೇಳಿದ.

"ಅಮ್ಮ, ಕಂಪನಿ ಚೇಂಜ್ ಮಾಡ್ಸಿಬಿಡ್ರಿ. ನಂಬರ್ ಅದೇ ಇರ್ತದೆ. ಹಳೇ ಕಂಪನಿ ಹೋತು ಅಂದ್ರೆ ಹಳೇ ಕಲೆನೂ ಹೋತು."

"ಖಾತ್ರಿನಾ?"

"ಖಾತ್ರಿ ಅಮ್ಮ. ನಾನು ದಿನಾ ಮಾಡ್ಸೋದು ಇದನ್ನೇ."

ಅವನು ದಿನಾ ಮಾಡಿಸುವುದು ಕಂಪನಿ ಬದಲಿಸುವುದನ್ನು. ಕಲೆ ತೆಗೆಸುವುದನ್ನಲ್ಲ. ಆ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ಆಧಾರ್ ಕಾರ್ಡ್ ಕೇಳಿದ. ಒಂದು ಸಣ್ಣ ಡಬ್ಬಿಯ ಮೇಲೆ ಹೆಬ್ಬೆಟ್ಟು ಇಡಿಸಿದ. ನಮ್ಮ ಬೆರಳು ಕುರಿಯ ಉಣ್ಣೆ ಕತ್ತರಿಸಿ, ಹಗ್ಗ ಎಳೆದು ಸವೆದಿರುತ್ತದೆ. ಐದು ಸಲ ಒರೆಸಿ, ಎಣ್ಣೆ ಹಚ್ಚಿ, ಒತ್ತಿ ಹಿಡಿದ ಮೇಲೆ ಡಬ್ಬಿ ಒಪ್ಪಿಕೊಂಡಿತು. ಮುಖ ಫೋಟೋ ಹಿಡಿದ. ಫೋನಿಗೆ ಬಂದ ಗುಟ್ಟಿನ ನಂಬರು ಕೇಳಿದ. ಮದುವೆ ಮಾಡುವಾಗಲೂ ನನ್ನನ್ನು ಇಷ್ಟು ವಿಚಾರಿಸಿರಲಿಲ್ಲ. ನಾಲ್ಕು ದಿನ ಆಗುತ್ತದೆ ಅಂದ.

ಆ ನಾಲ್ಕು ದಿನದಲ್ಲಿ ಹಿಂಡು ನ್ಯಾಮತಿ ಕಡೆ ರಸ್ತೆ ಪಕ್ಕದಲ್ಲಿ, ಕೆರೆ ಏರಿಯ ಕೆಳಗೆ, ಅಲ್ಲೊಂದು ದಿನ ಇಲ್ಲೊಂದು ದಿನ ಎಂದು ಅಲೆಯಿತು. ಚಳಿ ಬೇರೆ. ಮತ್ತೆ ನಾಲ್ಕು ಮರಿ ಹೋದವು.

ಐದನೇ ದಿನ ಹೊಸ ಸಿಮ್ಮು ಶುರುವಾಯಿತು. ಅದಾಗಿ ಒಂದು ಗಂಟೆಯೊಳಗೆ ನ್ಯಾಮತಿಯಲ್ಲಿರುವ ನನ್ನ ತಂಗಿ ಕೆಂಚಮ್ಮನ ಫೋನು ಬಂತು. ಅವಳದು ನನ್ನ ಹಾಗೇ ಗುಂಡಿ ಒತ್ತುವ ಫೋನು.

"ನಾನು ಕಂಪನಿ ಬದ್ಲಿಸೀನಿ ಕೆಂಚಿ. ನಿನಗೆ ಹೆಂಗೆ ಸಿಕ್ಕೆ?"

"ನನಗೇನ್ ಗೊತ್ತು. ಅದೇ ನಂಬರ್ ಒತ್ತಿದೆ, ನೀನು ಬಂದೆ."

ನನಗೆ ಧೈರ್ಯ ಬಂತು. ಯಾರಿಗೂ ಹೇಳದೆ ಮನೆ ಬದಲಿಸಿದ ಹಾಗೆ ಕಂಪನಿ ಬದಲಿಸಿದ್ದೇನೆ. ಆದರೂ ಫೋನು ಹುಡುಕಿಕೊಂಡು ಸರಿಯಾದ ಮನೆಗೇ ಬಂತು. ಹೊಸ ಮನೆ ಒಂದೇ ದಿನದಲ್ಲಿ ಗೊತ್ತಾಗಿದೆ ಎಂದರೆ ಹೆಸರೂ ಗೊತ್ತಾಗಿರಬೇಕು ಅಂದುಕೊಂಡೆ. ಗೌಡರಿಗೆ ಮಾಡಿದೆ. ಎರಡು ರಿಂಗ್. ಕಟ್.

ರೇಣುಕಾಳ ಫೋನಿಗೆ ಮಾಡಿ ನೋಡಿದೆ. ಅವಳು ಅಷ್ಟು ಹೊತ್ತಿಗೆ ನನ್ನ ಹೆಸರು ಹಾಕಿಕೊಂಡಿದ್ದಳು, ಅದಕ್ಕೆ ಹನುಮಕ್ಕಜ್ಜಿ ಎಂದೇ ತೋರಿಸಿತು. ಅವಳ ಗಂಡನ ಫೋನಿಗೆ ಮಾಡಿದೆವು. ಕೆಂಪು.

ಅವತ್ತು ಸಂಜೆ ಅಂಜಿನಪ್ಪನಿಗೆ ಹೇಳಿದೆ, "ಇದ್ದಲ್ಲೇ ಇರು. ನಾನೇ ಹೋಗ್ತೀನಿ."

"ಎಲ್ಲಿಗೆ ಅವ್ವ?"

"ಸೂಳೆಕೆರೆಗೆ. ನನ್ನ ಫೋನ್ ಕಟ್ ಮಾಡಬೌದು. ನನ್ನ ಹೆಂಗೆ ಕಟ್ ಮಾಡ್ತಾರೋ ನೋಡ್ತೀನಿ."

ಬೆಳಗಿನ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಬಸ್ ಬದಲಿಸಿ, ಚನ್ನಗಿರಿ ದಾರಿಯಲ್ಲಿ ಇಳಿದು, ಮಂಡಿ ಹಿಡಿದುಕೊಂಡು ನಡೆದು ಗೌಡರ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ದಾರಿಯಲ್ಲಿ ಅವರ ಗದ್ದೆ ಕಾಣುತ್ತದೆ. ಅದರ ತುಂಬ ಕುರಿ ಇದ್ದವು. ಬೆನ್ನ ಮೇಲೆ ನೀಲಿ ಬಣ್ಣದ ಗುರುತು. ನಮ್ಮದು ಕೆಂಪು. ನೋಡಿ ನಿಂತುಬಿಟ್ಟೆ. ಆ ಗದ್ದೆಯ ಮೂಲೆಯಲ್ಲಿ ನನ್ನ ಗಂಡ ಹೂತ ಬೇಲಿಗೂಟ ಇನ್ನೂ ಇದೆ. ಅದಕ್ಕೆ ಯಾರದೋ ಕತ್ತೆ ಕಟ್ಟಿದ್ದರು.

ಗೌಡರು ಜಗಲಿಯ ಮೇಲೆ ಎಲೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಎದ್ದೇ ನಿಂತರು.

"ಹನುಮಕ್ಕ, ಏನು ಈ ಕಡೆ? ಈ ವರ್ಷ ನಿಮ್ಮ ಸುದ್ದೀನೇ ಇಲ್ಲ. ಮಿಸ್ ಕಾಲ್ ಇಲ್ಲ, ಏನಿಲ್ಲ. ಎಂಟು ದಿನ ಕಾದೆ. ಏನೋ ಹೆಚ್ಚುಕಮ್ಮಿ ಆಗಿರ್ಬೇಕು ಅಂತ ಮಾಡಿದ್ದೆ."

"ಗೌಡ್ರೆ, ನಾನು ಇಪ್ಪತ್ತು ಸಲ ಮಾಡೀನಿ. ಕಟ್ ಮಾಡಿದೋರು ನೀವು."

"ಯಾರು, ನಾನಾ? ನಿಮ್ಮ ಫೋನ್ ನಾನು ಯಾಕೆ ಕಟ್ ಮಾಡ್ಲಿ? ಹಿರೇರ ಕಾಲದಿಂದ ಬಂದೋರು."

ನಾನು ಸೆರಗಿನಿಂದ ಫೋನು ತೆಗೆದು ಮೀನಿನ ನಂಬರು ಒತ್ತಿದೆ. ಜಗಲಿಯ ಮೇಲೆ ಎಲೆ ತಟ್ಟೆಯ ಪಕ್ಕ ಇದ್ದ ದೊಡ್ಡ ಫೋನು ಬಡಿದುಕೊಂಡಿತು. ಕೆಂಪಾಯಿತು. ಗೌಡರು ನನ್ನ ಜೊತೆ ಮಾತಾಡುತ್ತಲೇ, ನೋಣ ಹೊಡೆಯುವ ಹಾಗೆ, ಬೆರಳಿನಿಂದ ಅದನ್ನು ಕಟ್ ಮಾಡಿದರು.

"ಯಾರದು ಗೌಡ್ರೆ?"

"ಏ, ಅವನ್ಯಾವನೋ ಸಾಲದ ಕಳ್ಳ. ಹದಿನೈದು ದಿನದಿಂದ ಕಾಡ್ತಾನೆ."

"ಆ ಕಳ್ಳ ನಾನೇ."

ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಒತ್ತಿದೆ. ನನ್ನ ಫೋನನ್ನು ಅವರ ಮುಖದ ಮುಂದೆ ಹಿಡಿದೆ. ಅವರ ಕೈಯಲ್ಲಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವರು ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಎದುರಿಗೆ ನಿಂತಿದ್ದೆ. ಮೂವತ್ತು ವರ್ಷ ಅವರ ಮನೆಯ ಮಜ್ಜಿಗೆ ಕುಡಿದಿದ್ದೇನೆ. ಅವರ ಮೊದಲ ಮೊಮ್ಮಗನಿಗೆ ಹಾಸಲು ಕಂಬಳಿ ತಂದುಕೊಟ್ಟವಳು ನಾನು. ಆ ಕೆಂಪು ಗಾಜು ಮಾತ್ರ ನಾನು ಕಳ್ಳಿ ಎಂದು ಹೇಳುತ್ತಲೇ ಇತ್ತು.

"ವೀಣಾ, ಬಾರವ್ವ ಇಲ್ಲಿ," ಎಂದು ಗೌಡರು ಒಳಗೆ ಕೂಗಿದರು.

ವೀಣಾ ಅವರ ಕಿರಿ ಸೊಸೆ. ಮದುವೆಗೆ ಮೊದಲು ದಾವಣಗೆರೆಯಲ್ಲಿ ಒಂದು ಫೋನ್ ಕಂಪನಿಯ ಆಫೀಸಿನಲ್ಲಿ ಕೂತು ಜನರ ದೂರು ಕೇಳುವ ಕೆಲಸ ಮಾಡುತ್ತಿದ್ದಳು. ಅವಳು ಮೊದಲು ನನಗೆ ನೀರು ಕೊಟ್ಟಳು, ಆಮೇಲೆ ಫೋನು ನೋಡಿದಳು. ಅದಕ್ಕೇ ಅವಳ ಮೇಲೆ ನನಗೆ ಸಿಟ್ಟಿಲ್ಲ.

"ಕಂಪನಿ ಬದ್ಲಿಸಿದೆ ತಾಯಿ. ಆದ್ರೂ ಹೋಗ್ಲಿಲ್ಲ," ಅಂದೆ.

"ಅದ್ರಿಂದ ಹೋಗಲ್ಲ ಅಜ್ಜಿ. ಎರಡೂ ಬೇರೆ ಬೇರೆ."

"ಹೆಂಗೆ ಬೇರೆ? ನಂಬರ್ ಒಂದೇ ತಾನೆ?"

"ನಂಬರ್ ಒಂದೇ. ಅದನ್ನ ಕೇಳೋ ಜಾಗ ಎರಡು. ನಿಮ್ಮ ತಂಗಿ ನಿಮ್ಮ ನಂಬರ್ ಒತ್ತಿದ್ರು ಅಂದ್ಕೊಳ್ರಿ. ಅವ್ರ ಕಂಪನಿ ಮೊದ್ಲು, ಈ ನಂಬರ್ ಇವತ್ತು ಯಾವ ಕಂಪನೀಲಿ ಐತೆ ಅಂತ ಕೇಳ್ತದೆ. ಅದಕ್ಕೊಂದು ಪಟ್ಟಿ ಐತೆ. ಎಲ್ಲ ಕಂಪನಿಗೂ ಸೇರಿ ಇರೋದು. ನೀವು ಬದ್ಲಿಸಿದ ದಿನಾನೇ ಅದ್ರಲ್ಲಿ ಬದ್ಲಾಗ್ತದೆ. ಅದು ತಪ್ಪಿದ್ರೆ ನಿಮಗೆ ಫೋನೇ ಬರಲ್ಲ. ಅದ್ರಲ್ಲಿ ನೀವು ಯಾರು, ನಿಮ್ಮ ಹೆಸರೇನು ಅಂತ ಕೇಳೋದೇ ಇಲ್ಲ. ದಾರಿ ಅಷ್ಟೇ."

"ಸರಿ. ಹೆಸರು?"

"ಹೆಸರು ಮಾವನ ಫೋನಲ್ಲಿರೋ ಈ ಆ್ಯಪ್ ಕೇಳ್ತದೆ. ಅದು ತನ್ನದೇ ಬೇರೆ ಪುಸ್ತಕ ನೋಡ್ತದೆ. ಅದ್ರಲ್ಲಿ ಬರೆಯೋರು ಜನ. ಯಾರ ಫೋನಲ್ಲಿ ನಿಮ್ಮ ಹೆಸರು ಏನಂತ ಇಟ್ಕೊಂಡಾರೆ, ಯಾರು ಇದು ಮೋಸ ಅಂತ ಬಟನ್ ಒತ್ಯಾರೆ, ಅದನ್ನೆಲ್ಲ ಕೂಡಿಸಿ ತೋರಿಸ್ತದೆ. ನೀವು ಹತ್ತು ಕಂಪನಿ ಬದ್ಲಿಸಿದ್ರೂ ಆ ಪುಸ್ತಕಕ್ಕೆ ಗೊತ್ತಾಗಲ್ಲ."

ನನಗೆ ಈಗ ತಿಳಿಯಿತು. ನಮ್ಮ ಕಸುಬಿನಲ್ಲೇ ಇದಿದೆ. ಸಂತೆಯಲ್ಲಿ ಬೇರೆಯವರ ಕುರಿ ಕೊಂಡು ತಂದರೆ, ಎರಡು ದಿನ ಕಟ್ಟಿ ಹಾಕಿದ ಮೇಲೆ ಅದಕ್ಕೆ ನಮ್ಮ ಹಟ್ಟಿಯ ದಾರಿ ಗೊತ್ತಾಗುತ್ತದೆ. ಸಂಜೆ ಬಿಟ್ಟರೆ ನೆಟ್ಟಗೆ ನಮ್ಮ ಹಟ್ಟಿಗೇ ಬರುತ್ತದೆ. ಬೆನ್ನ ಮೇಲಿನ ಬಣ್ಣ ಮಾತ್ರ ಹಳೆಯದೇ ಇರುತ್ತದೆ, ಉಣ್ಣೆ ಕತ್ತರಿಸುವ ತನಕ. ದಾರಿಯಲ್ಲಿ ನೋಡಿದವರು ಕುರಿ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದಿಲ್ಲ. ಬಣ್ಣ ನೋಡಿ ಇದು ಇಂಥವರದು ಅನ್ನುತ್ತಾರೆ.

ಇದನ್ನು ವೀಣಾಗೆ ಹೇಳಿದೆ. "ಹೂಂ ಅಜ್ಜಿ, ಹಂಗೇ," ಅಂದಳು.

"ಹಂಗೇ ಅಲ್ಲ," ಅಂದೆ. "ಕುರಿಗೆ ಬಣ್ಣ ಹಚ್ಚೋನು ಕುರಿ ಸಾಕಿದೋನು. ನನಗೆ ಬಣ್ಣ ಹಚ್ಚಿದೋರು ಯಾರು? ಅವ್ರು ನನ್ನ ಮುಖ ನೋಡ್ಯಾರಾ?"

ಅವಳು ಆ್ಯಪಿನಲ್ಲಿ ಇನ್ನೂ ಒಳಗೆ ಹೋಗಿ ನೋಡಿದಳು. ಬಟನ್ ಒತ್ತಿದವರು ಕೆಲವರು ಒಂದೊಂದು ಮಾತೂ ಬರೆದಿದ್ದರು. ಓದಿ ಹೇಳಿದಳು. 'ಬೆಳಗಿನ ಜಾವ ಒಂದು ರಿಂಗ್ ಕೊಟ್ಟು ಕಟ್ ಮಾಡ್ತಾರೆ. ತಿರುಗಿ ಮಾಡಬೇಡಿ, ದುಡ್ಡು ಹೋಗುತ್ತೆ.' ಇನ್ನೊಬ್ಬ, 'ಎರಡು ದಿನ ಬಿಡದೆ ಐದು ಗಂಟೆಗೆ. ಪಕ್ಕಾ ಫ್ರಾಡ್.' ಅದರ ಮೇಲೆ ಮತ್ತೊಬ್ಬ ಸಾಲದ ಕಂಪನಿಯವರು ಎಂದು ಸೇರಿಸಿದ್ದ. ಅವನಿಗೆ ಆ ಮಾತು ಎಲ್ಲಿಂದ ಹುಟ್ಟಿತೋ.

ನಾನು ಚೀಲದಿಂದ ನೋಟ್‌ಬುಕ್ ತೆಗೆದು ಅವಳ ಮುಂದೆ ಇಟ್ಟೆ. ನಂಬರುಗಳನ್ನು ನೋಡುತ್ತಾ ಗೌಡರು ಒಂದೊಂದೇ ಹೇಳಿದರು. ಇವರು ತೀರಿಕೊಂಡು ಮೂರು ವರ್ಷ. ಇವರು ನಂಬರು ಬದಲಿಸಿದರು. ಇವರ ಮಗ ಹೊಲ ಮಾರಿದ. ವೀಣಾ ಹೇಳಿದಳು, ಒಂದು ನಂಬರು ಬಹಳ ದಿನ ಸುಮ್ಮನಿದ್ದರೆ ಕಂಪನಿ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ನಾನು ತೆಂಗಿನ ಮರ ಎಂದುಕೊಂಡು ಮಿಸ್ ಕಾಲ್ ಕೊಟ್ಟದ್ದು ಯಾವ ಊರಿನ ಯಾರಿಗೋ. ನಾಲ್ಕು ವರ್ಷದಿಂದ ಬೆಳಗಿನ ಐದು ಗಂಟೆಗೆ ಗುರುತಿಲ್ಲದ ಜನರನ್ನು ಎಬ್ಬಿಸಿದ್ದೇನೆ.

ಅಷ್ಟರ ಮಟ್ಟಿಗೆ ತಪ್ಪು ನನ್ನದು. ಮುಚ್ಚಿಡುವುದಿಲ್ಲ. ಆದರೆ ಬಟನ್ ಒತ್ತಿದ ಆ ಇಪ್ಪತ್ತು ಜನರಲ್ಲಿ ಒಬ್ಬನಾದರೂ ತಿರುಗಿ ಮಾಡಿ "ಯಾರವ್ವ ನೀನು, ಏನು ಬೇಕು" ಎಂದು ಕೇಳಬಹುದಿತ್ತು. ಕೇಳಿದ್ದರೆ ಹೇಳುತ್ತಿದ್ದೆ. ಬೈದಿದ್ದರೂ ಬೈಸಿಕೊಳ್ಳುತ್ತಿದ್ದೆ. ಕೇಳದೆ ಒಂದು ಬಟನ್ ಒತ್ತಿ ಮಲಗಿದರು.

"ಗೌಡ್ರೆ, ನಿಮಗೆ ನನ್ನ ನಂಬರ್ ಗೊತ್ತಿತ್ತಲ್ಲ?"

ಗೌಡರು ಕತ್ತು ಕೆರೆದುಕೊಂಡರು. "ಹಳೇ ಫೋನಲ್ಲಿತ್ತು. ಉಗಾದಿಗೆ ಮಗ ಈ ಫೋನ್ ತಂದ್ಕೊಟ್ಟ. ಹಳೇದ್ರಲ್ಲಿ ಇದ್ದ ಹೆಸರೆಲ್ಲ ಅಲ್ಲೇ ಉಳಿದ್ವು."

"ಸರಿ. ಮತ್ತೆ ಆ ಬಟನ್ ಒತ್ತಿದೋರಲ್ಲಿ ನೀವೂ ಇದ್ದೀರೇನು?"

ಗೌಡರು ಎಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ವೀಣಾ ನೆಲ ನೋಡಿದಳು.

"ಅದೇ ಕೇಳ್ತು ಹನುಮಕ್ಕ. ಇದು ಮೋಸದ ಫೋನಾ, ಹೌದೋ ಅಲ್ಲೋ ಅಂತ. ಎಲ್ರೂ ಹೌದು ಅಂದಾರೆ ಅಂತ ತೋರಿಸ್ತು. ನಾನೂ ಹೌದು ಅಂತ ಒತ್ತಿದೆ."

"ನಾನೇ ಅಂತ ಗೊತ್ತಿಲ್ದೆ?"

"ಯಾರು ಅಂತ ಗೊತ್ತಿಲ್ದೆ."

"ಗೊತ್ತಿಲ್ಲ ಅಂತ ಒತ್ತಾಕೆ ಬಟನ್ ಇರ್ಲಿಲ್ಲೇನು?"

ನಾನು ಜಗಲಿಯ ಮೇಲೆ ಕೂತು, ಈಯುವ ಹಿಂಡು ರಸ್ತೆಯಲ್ಲಿ ಅಲೆಯುತ್ತಿರುವುದನ್ನು ಹೇಳಿದೆ. ಮಂಡಿ ಉರಿಯುತ್ತಿತ್ತು. ಎಷ್ಟು ಮರಿ ಹೋಗಿವೆ ಎಂದು ಗೌಡರು ಕೇಳಿದರು. ಏಳು ಅಂದೆ. ಬೆಳಗ್ಗೆಯವರೆಗಿನ ಲೆಕ್ಕ ಅದು.

ಗೌಡರು ಕೆಟ್ಟವರಲ್ಲ, ಅದನ್ನೂ ಬರೆಯಬೇಕು. ಶರ್ಟ್ ಹಾಕಿಕೊಂಡು ನನ್ನನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗದ್ದೆಗೆ ಹೋದರು. ನೀಲಿ ಗುರುತಿನ ಹಿಂಡಿನವರು ಚಿತ್ರದುರ್ಗದ ಕಡೆಯವರು. ಅವರ ಹಿರಿಯನೊಬ್ಬ ಕಂಬಳಿ ಹೊದ್ದು ಕೂತಿದ್ದ. ಗೌಡರು ವಿಷಯ ಹೇಳಲು ಶುರು ಮಾಡಿ ಫೋನು, ಆ್ಯಪು ಎಂದು ತೊಡರಿಕೊಂಡರು. ನಾನೇ ಹೇಳಿದೆ.

"ಅಣ್ಣ, ನಮ್ಮ ಈದ ಕುರಿ ರಸ್ತೇಲಿ ಅವೆ. ಏಳು ಮರಿ ಹೋಗ್ಯಾವೆ."

ಅವನು ಫೋನಿನ ಕಥೆ ಕೇಳಲೇ ಇಲ್ಲ. ಎದ್ದು ನಿಂತು ಗದ್ದೆಯ ಕೆರೆ ಕಡೆಯ ಅರ್ಧವನ್ನು ಕೈಯಲ್ಲಿ ತೋರಿಸಿದ. "ಆ ಕಡೆ ಬಿಡ್ತೀನಿ. ಈದವು ಬರ್ಲಿ. ಬರೀ ಕುರಿ ಬ್ಯಾಡ, ಮೇವು ಸಾಲಲ್ಲ." ನಮ್ಮಲ್ಲಿ ಮರಿ ಇರುವ ಕುರಿಗೆ ಜಾಗ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಅವನಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

ಗೌಡರು ಅಲ್ಲಿಂದಲೇ ಒಂದು ಲಗೇಜ್ ಆಟೋ ಗೊತ್ತು ಮಾಡಿ ನ್ಯಾಮತಿ ಕಡೆಗೆ ಕಳಿಸಿದರು. ಹುಲ್ಲು ಹಾಸಿ ಮರಿ ಮತ್ತು ತಾಯಿಗಳನ್ನು ತರಿಸಿದರು. ಎರಡು ಸುತ್ತು ಆಯಿತು. ಮೊದಲ ಸುತ್ತಿನಲ್ಲಿ ಬಂದ ಅಂಜಿನಪ್ಪ ನನ್ನ ಹತ್ತಿರ ಬಂದು, "ಏಳಲ್ಲ ಅವ್ವ, ಒಂಬತ್ತು," ಅಂದ. ಅಷ್ಟೇ ಹೇಳಿ ಮರಿ ಇಳಿಸಲು ಹೋದ. ನಾನು ಹದಿನೈದು ದಿನದ ಕೆಳಗೆ ಬೇಡ ಅನ್ನದೇ ಇದ್ದಿದ್ದರೆ ಅವನು ತಾನೇ ನಡೆದು ಬಂದು ಗೌಡರನ್ನು ಕೇಳುತ್ತಿದ್ದ. ಅದನ್ನು ಅವನು ಅಂದಿಲ್ಲ. ಇವತ್ತಿನ ತನಕ ಅಂದಿಲ್ಲ.

ವೀಣಾ ಆ ಆ್ಯಪಿಗೆ ಅರ್ಜಿ ಬರೆದಳು. ಗೌಡರ ಹೌದು ಅನ್ನುವುದನ್ನು ತೆಗೆಸಿದಳು. ನನ್ನ ಹೆಸರು ಕೇಳಿ ಬರೆದಳು. ಒಂದು ತಿಂಗಳಿಗೆ ಕೆಂಪು ಹೋಗಿ ನನ್ನ ಹೆಸರು ಬಂತು ಎಂದು ಫೋನ್ ಮಾಡಿ ಹೇಳಿದಳು. "ಆದ್ರೆ ಇದೊಂದು ಆ್ಯಪಲ್ಲಿ ಅಷ್ಟೇ ಅಜ್ಜಿ. ಬೇರೆ ಆ್ಯಪಿಗೆ ಬೇರೆ ಪುಸ್ತಕ. ಅದ್ರಲ್ಲಿ ಏನೈತೋ ನನಗೆ ಕಾಣಲ್ಲ" ಅಂದಳು. ಅದೂ ನಿಜವಾಯಿತು. ಮೊನ್ನೆ ಜಗಳೂರಿನ ದನದ ಡಾಕ್ಟರಿಗೆ ಫೋನ್ ಮಾಡಿದರೆ ಎರಡು ರಿಂಗಿಗೆ ಕಟ್ ಆಯಿತು. ನಾನೇ ಹೋಗಿ ಬಾಗಿಲಲ್ಲಿ ನಿಂತೆ.

ಈ ವರ್ಷ ಮಿಸ್ ಕಾಲ್ ಕೊಡಲಿಲ್ಲ. ನೋಟ್‌ಬುಕ್ಕಿನಲ್ಲಿ ಇಪ್ಪತ್ತಾರು ಚಿತ್ರಗಳ ಮೇಲೆ ಗೀಟು ಎಳೆದಿದ್ದೇನೆ. ಉಳಿದವರಿಗೆ ಬೆಳಕು ಹರಿದ ಮೇಲೆ ಪೂರ್ತಿ ರಿಂಗ್ ಮಾಡುತ್ತೇನೆ. ಎತ್ತಿದ ಕೂಡಲೇ ನನ್ನ ಹೆಸರು, ನನ್ನ ಊರು ಹೇಳಿ ಆಮೇಲೆ ಕುರಿಯ ಮಾತು ಆಡುತ್ತೇನೆ. ಗೌಡರು ಮೊದಲ ರಿಂಗಿಗೇ ಎತ್ತಿ "ಹೇಳ್ರಿ ಕಳ್ಳಿ" ಎಂದು ನಗುತ್ತಾರೆ. ನಾನು ನಗುವುದಿಲ್ಲ. ಗದ್ದೆ ಖಾಲಿ ಇದೆಯೋ ಇಲ್ಲವೋ ಎಂದು ಮಾತ್ರ ಕೇಳುತ್ತೇನೆ.

ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ನನ್ನ ಫೋನು ಯಾವ ಕಂಪನಿಯದು ಎಂದು ಒಂದು ಪಟ್ಟಿಯಲ್ಲಿ ಬರೆಯುವುದಕ್ಕೆ ಆಧಾರ್ ಕಾರ್ಡ್ ಕೇಳಿದರು, ಮುಖ ಕೇಳಿದರು, ಸವೆದ ಹೆಬ್ಬೆಟ್ಟನ್ನು ಐದು ಸಲ ಒತ್ತಿಸಿಕೊಂಡರು. ನನ್ನನ್ನು ಕಳ್ಳಿ ಎಂದು ಬರೆಯುವುದಕ್ಕೆ ಯಾರೂ ಏನೂ ಕೇಳಲಿಲ್ಲ.